ಗ್ರಾಬೋವ್ಸ್ಕಿ ಮೇಷ್ಟ್ರು ಬರೆದ ಹಳದಿ ಹಾಳೆ

ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಅಮೆರಿಕದ ಟೊಲೀಡೊದ ಲಗ್ರಾಂಜ್ ಬೀದಿಯ ಚರ್ಚಿನ ನೆಲಮಾಳಿಗೆಗೆ ಕರಿದ ಮೀನಿನ ಊಟಕ್ಕೆ ನಿವೃತ್ತ ಮೇಷ್ಟ್ರುಗಳೆಲ್ಲ ಬರುತ್ತಾರೆ. ಮೀನು ತಟ್ಟೆಗೆ ಬೀಳುವ ಮುಂಚೆಯೇ ಹಳೆಯ ಕಾಲದ ಮಾತು ಶುರುವಾಗುತ್ತದೆ. ಈಗ ಯಾರೋ ಕಂಪ್ಯೂಟರ್ ಹಿಡಿದು ಬಂದು ಹತ್ತು ನಿಮಿಷ ನಿಂತು ಮೇಷ್ಟ್ರಿಗೆ ಅಂಕ ಹಾಕಿ ಹೋಗುತ್ತಾರಂತೆ, ನಮ್ಮ ಕಾಲದಲ್ಲಿ ಹೀಗಿತ್ತೇ ಎಂದು ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಆಗ ಎಪ್ಪತ್ತೆಂಟು ವರ್ಷದ ಇಲೋನ ಬೊದ್ನಾರ್ ತನ್ನ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತಾಳೆ. ಅದರಲ್ಲಿ ನಾಲ್ಕು ಮಡಿಕೆಯ ಹಳದಿ ಹಾಳೆಯೊಂದಿದೆ.

ಆ ಕಾಲದ್ದು ಬೇರೆಯೇ ಪದ್ಧತಿ. ಕೆಲಸ ಕಾಯಂ ಆದ ಮೇಷ್ಟ್ರು ಪಾಠ ಮಾಡಲಾರದೆ ಕುಸಿದರೆ, ಕೈಹಿಡಿದು ಎತ್ತಲು ಇನ್ನೊಬ್ಬ ಮೇಷ್ಟ್ರನ್ನೇ ಕಳಿಸುತ್ತಿದ್ದರು. ಹಾಗೆ ಹೋದವರು ಮೂರು ವರ್ಷ ತಮ್ಮ ತರಗತಿ ಬಿಟ್ಟು ಊರಿನ ಶಾಲೆಗಳನ್ನು ಸುತ್ತಬೇಕು, ಹಿಂದಿನ ಸಾಲಿನಲ್ಲಿ ಕೂತು ಕಂಡದ್ದನ್ನೆಲ್ಲ ಹಳದಿ ಹಾಳೆಯ ಪ್ಯಾಡಿನಲ್ಲಿ ಬರೆದುಕೊಳ್ಳಬೇಕು, ತಿದ್ದಬೇಕು, ಮತ್ತೆ ತಮ್ಮ ತರಗತಿಗೆ ಮರಳಬೇಕು. ಎಷ್ಟು ಮಾಡಿದರೂ ಮೇಷ್ಟ್ರು ಏಳದಿದ್ದರೆ ಒಂಬತ್ತು ಜನರ ಮಂಡಳಿಗೆ ಹಾಗೆಂದು ಬರೆದುಕೊಡಬೇಕು. ಒಂಬತ್ತರಲ್ಲಿ ಐವರು ಮೇಷ್ಟ್ರುಗಳ ಸಂಘದವರೇ. ನಮ್ಮವರನ್ನು ನಾವೇ ಎತ್ತುತ್ತೇವೆ, ಆಗದಿದ್ದರೆ ನಾವೇ ಕಳಿಸುತ್ತೇವೆ ಎಂಬ ಹಮ್ಮು ಅದು. ಒಳ್ಳೆಯ ಹಮ್ಮೇ. ಆದರೆ ಅದನ್ನು ಹೊತ್ತವರ ಬೆನ್ನು ಏನಾಗುತ್ತಿತ್ತೆಂದು ಇಲೋನಳನ್ನು ಕೇಳಬೇಕು. ಆ ಕೆಲಸಕ್ಕೆ ಹೋದ ಮೂರು ವರ್ಷ ಅವಳು ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಾಕು, "ಬಂತಪ್ಪಾ ಹಳದಿ ಪ್ಯಾಡು" ಎಂದು ಯಾರೋ ಗೊಣಗುತ್ತಿದ್ದರು, ಕಾಫಿ ಲೋಟಗಳು ಎದ್ದು ಹೋಗುತ್ತಿದ್ದವು.

ಎರಡನೆಯ ವರ್ಷ ಅವಳ ಪಾಲಿಗೆ ಬಂದ ಹೆಸರನ್ನು ಅವಳು ಎರಡೆರಡು ಸಲ ಓದಿದಳು. ಕಾಸ್ಮಿರ್ ಗ್ರಾಬೋವ್ಸ್ಕಿ. ನಾಲ್ಕನೆಯ ತರಗತಿ, ಇಪ್ಪತ್ತಾರು ವರ್ಷದ ಸೇವೆ. ಅವಳು ಹೊಸದಾಗಿ ಕೆಲಸಕ್ಕೆ ಸೇರಿ, ಮಕ್ಕಳ ಗದ್ದಲಕ್ಕೆ ಸೋತು ಮಕ್ಕಳ ಕೋಟು ಇಡುವ ಕಪಾಟಿನ ಹಿಂದೆ ಅಳುತ್ತಿದ್ದಾಗ ಬಂದು ಸಾಲು ಕಟ್ಟಿಸುವುದನ್ನು ಕಲಿಸಿದವರು ಅವರು. ಮುಷ್ಕರದ ವರ್ಷ ಹಿಮದಲ್ಲಿ ನಿಂತಿದ್ದ ಅವಳ ಕೈಗೆ ತಮ್ಮ ಕೈಗವಸು ತೊಡಿಸಿ, ತಾವು ಬರಿಗೈಯಲ್ಲಿ ಫಲಕ ಹಿಡಿದವರೂ ಅವರೇ. ಹೆಂಡತಿ ಹೆಲೆನ್ ತೀರಿಕೊಂಡ ಮೇಲೆ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಕ್ಕಳ ಮುಂದೆ ಹಾಳೆ ಹಂಚಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಎರಡು ವರ್ಷದಿಂದ ಅವರ ತರಗತಿಯ ಮಕ್ಕಳು ಭಾಗಾಕಾರವೂ ಬಾರದೆ ಐದಕ್ಕೆ ಹೋಗುತ್ತಿದ್ದರು. ವಸಂತದೊಳಗೆ ಸುಧಾರಿಸದಿದ್ದರೆ ಕೆಲಸ ಹೋಗುತ್ತದೆ.

ಮೊದಲ ದಿನ ಅವಳು ಪ್ಯಾಡ್ ಹಿಡಿದು ಒಳಗೆ ಬಂದಾಗ ಅವರು ನಕ್ಕರು. "ನೀನಾ? ಸದ್ಯ. ಬೇರೆ ಯಾರಾದ್ರೂ ಬಂದಿದ್ರೆ ನಾಚಿಕೆ ಆಗ್ತಿತ್ತು ಕಣಮ್ಮ," ಎಂದರು.

ಇಲೋನ ತಪ್ಪು ಮಾಡಿದ್ದು ಇಲ್ಲಿಯೇ. ಭೇಟಿಗಳಲ್ಲಿ ಹೆಚ್ಚಿನವು ಹೇಳದೆ ಕೇಳದೆ ಆಗಬೇಕು ಎಂಬುದು ನಿಯಮ. ಅವಳು ಹಿಂದಿನ ದಿನ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿಬಿಡುತ್ತಿದ್ದಳು. ಪಾಠ ಹೇಗೆ ಕಟ್ಟಬೇಕೆಂದು ಇಬ್ಬರೂ ಕೂತು ಮಾತಾಡಿದ್ದೂ ಉಂಟು, ಸುಳ್ಳಲ್ಲ. ಆದರೆ ನಾಳೆ ಬರುತ್ತೇನೆ ಎಂಬ ಒಂದು ಮಾತು ಪ್ರತಿ ಸಲವೂ ಮುಂಚಿತವಾಗಿ ಹೋಗುತ್ತಿತ್ತು.

ಮತ್ತೇನು, ಪಾಠಗಳು ಹಬ್ಬದಂತೆ ನಡೆದವು. ಒಂದು ದಿನ ಅವರು ಕೀಲ್ಬಾಸಾ ಎಂಬ ಉದ್ದದ ಮಾಂಸದ ಸಾಸೇಜು ತಂದು, ಮೇಜಿನ ಮೇಲಿಟ್ಟು, ಚಾಕುವಿನಿಂದ ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಭಿನ್ನರಾಶಿ ಹೇಳಿಕೊಟ್ಟರು. ಅವರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಕೈಗಳು ಮೇಲೇಳುತ್ತಿದ್ದವು. ಇಲೋನಳ ಕಣ್ಣು ತುಂಬಿ ಬಂತು. ಹಳೆಯ ಗ್ರಾಬೋವ್ಸ್ಕಿ ಮೇಷ್ಟ್ರು ವಾಪಸ್ಸು ಬಂದರು ಎಂದು ಪುಟಗಟ್ಟಲೆ ಬರೆದಳು. ಕೇಳುವ ಮೊದಲೇ ಉತ್ತರ ಹೇಗೆ ಬಂತೆಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ. ಹೊಳೆಯುವುದು ಬೇಕೂ ಇರಲಿಲ್ಲ.

ಫೆಬ್ರವರಿಯ ಒಂದು ಭೇಟಿಯಲ್ಲಿ ಅವಳು ಮಫ್ಲರ್ ಮರೆತು ಬಂದಳು. ಮಾರನೆಯ ದಿನ ಬೇರೆ ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ತೆಗೆದುಕೊಳ್ಳಲು ಇಳಿದಳು. ಬಾಗಿಲ ಗಾಜಿನಿಂದ ನೋಡಿದರೆ ಮೇಷ್ಟ್ರು ಕೈಯ ಮೇಲೆ ಗಲ್ಲವಿಟ್ಟು ಕಿಟಕಿಯಾಚೆ ನೋಡುತ್ತಿದ್ದರು. ಬೋರ್ಡಿನ ಮೇಲೆ ಏನೂ ಇರಲಿಲ್ಲ. ಮಕ್ಕಳು ಹಾಳೆಗೆ ಬಣ್ಣ ಹಚ್ಚುತ್ತಿದ್ದರು. ನೀರು ಕುಡಿಯಲು ಹೊರಬಂದಿದ್ದ ರೋಶೆಲ್ ಎಂಬ ಒಂಬತ್ತರ ಹುಡುಗಿ ಅವಳನ್ನು ಕಂಡು ಬೆರಗಾದಳು. "ಮಿಸ್, ಇವತ್ತು ನೀವು ಬರೋ ದಿನ ಅಲ್ವಲ್ಲ," ಎಂದಳು. ನಾನು ಬರುವ ದಿನ ನಿನಗೆ ಹೇಗೆ ಗೊತ್ತು ಎಂದು ಇಲೋನ ಕೇಳಿದಳು.

"ನೀವು ಬರೋ ಹಿಂದಿನ ದಿನ ಅದೇ ಪಾಠ ಒಂದ್ಸಲ ಮಾಡ್ತೀವಿ ಮಿಸ್. ಸಾಸೇಜು ಎರಡು ದಿನ ಬಂತು. ಮೊದಲನೇ ದಿನದ್ದನ್ನ ನಾವು ತಿಂದ್ವಿ."

ಮಫ್ಲರ್ ತೆಗೆದುಕೊಳ್ಳದೆಯೇ ಇಲೋನ ಕಾರಿಗೆ ಮರಳಿದಳು. ಮೇಷ್ಟ್ರ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆಯೇ ಅದರ ಎರಡರಷ್ಟು ಬಂತು. ಐದು ತಿಂಗಳು ಅವರಿಗೆ ಕಲಿಸಬೇಕಿದ್ದವಳು ಅವರಿಗೆ ನಾಟಕ ಆಡಲು ಹೇಳಿದಂತಾಗಿತ್ತು. ಆ ಮಕ್ಕಳ ಐದು ತಿಂಗಳು ನೀರಲ್ಲಿ ಹೋಮವಾಗಿತ್ತು.

ಆಮೇಲೆ ಅವಳು ಫೋನ್ ಮಾಡಲಿಲ್ಲ. ಹೇಳದೆ ಹೋದಳು, ಎರಡು ತಿಂಗಳಲ್ಲಿ ಹದಿನಾಲ್ಕು ಸಲ. ಜೊತೆಗೆ ನಿಂತು ಪಾಠ ಮಾಡಿದಳು, ಬೇರೆ ಶಾಲೆಯ ಒಳ್ಳೆಯ ತರಗತಿಗಳಿಗೆ ಅವರನ್ನು ಕರೆದೊಯ್ದಳು, ಅಂಗಲಾಚಿದಳು. ಅವರು ಪ್ರಯತ್ನಪಟ್ಟರು. ಎರಡು ದಿನ ಎದ್ದು ನಿಂತರೆ ಮೂರನೆಯ ದಿನ ಮತ್ತೆ ಕುರ್ಚಿ, ಮತ್ತೆ ಕಿಟಕಿ. ಏಪ್ರಿಲ್ ಕೊನೆಗೆ ಅವಳು ವರದಿ ಬರೆದಳು. ಭೇಟಿಯ ದಿನ ತಾನೇ ಹೇಳಿಬಿಡುತ್ತಿದ್ದೆ, ಒಂದು ಮಗುವಿನ ಮಾತಿನಿಂದ ಸತ್ಯ ತಿಳಿಯಿತು ಎಂಬುದನ್ನೂ ಬಿಡದೆ ಬರೆದಳು. ಕೊನೆಯ ಸಾಲು, ಇವರನ್ನು ತರಗತಿಯಲ್ಲಿ ಮುಂದುವರಿಸಬಾರದು.

ಮಂಡಳಿಗೆ ಹೋಗುವ ಮೊದಲು ವರದಿಯನ್ನು ಅವರೇ ಓದಿ ಸಹಿ ಹಾಕಬೇಕು. ಖಾಲಿ ತರಗತಿಯಲ್ಲಿ ಕನ್ನಡಕ ಹಾಕಿಕೊಂಡು ಅವರು ನಿಧಾನಕ್ಕೆ ಓದಿದರು.

"ನಿನ್ನ ತಪ್ಪು ಯಾಕೆ ಬರೆದೆ? ನಿನಗೂ ಬೈತಾರೆ," ಎಂದರು.

"ಆದದ್ದನ್ನ ಬರೆದೆ."

"ಈ ವರ್ಷ ನೀನು ಬರೆದದ್ರಲ್ಲಿ ಇದೊಂದೇ ನಿಜ," ಎಂದು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ವರದಿಯನ್ನು ಅವಳತ್ತ ಸರಿಸಿದರು.

ಮಂಡಳಿಯವರು ಅವಳಿಗೆ ಚೆನ್ನಾಗಿಯೇ ಬೈದರು. ಕೆಲಸ ಹೋದದ್ದು ಗ್ರಾಬೋವ್ಸ್ಕಿ ಮೇಷ್ಟ್ರದ್ದು, ಜೂನಿಗೆ ಕೊನೆ; ಮಂಡಳಿಯಲ್ಲಿ ಒಬ್ಬರೂ ಅವರ ಪರವಾಗಿ ಕೈ ಎತ್ತಲಿಲ್ಲ.

ಜೂನಿನಲ್ಲಿ ಶಾಲೆ ಮುಗಿಯಲು ಎರಡು ದಿನವಿದ್ದಾಗ ಈ ಸಲ ಫೋನ್ ಮಾಡಿದವರು ಅವರು. ಬರಬೇಕಂತೆ, ಪ್ಯಾಡ್ ತರಬೇಕಂತೆ. ಹೋದರೆ ಅವರು ಪ್ಯಾಡನ್ನು ಕಸಿದುಕೊಂಡು, ಸೀಮೆಸುಣ್ಣ ಅವಳ ಕೈಗಿಟ್ಟು, "ಇವತ್ತು ನೀನು ಪಾಠ ಮಾಡು, ನಾನು ಬರೀತೀನಿ," ಎಂದರು. ಆರಡಿಯ ಆಸಾಮಿ, ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತರು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು.

ಇಲೋನ ಭಿನ್ನರಾಶಿಯ ಪಾಠವನ್ನೇ ಮಾಡಿದಳು, ಮನಸ್ಸಿಟ್ಟು ಮಾಡಿದಳು. ಮಕ್ಕಳು ಉತ್ತರ ಹೇಳಿದರು, ತಪ್ಪಿದರು, ತಿದ್ದಿಕೊಂಡರು. ಇಂಥ ಪಾಠ ತಾನು ಮಾಡಿ ಎಷ್ಟು ಕಾಲವಾಯಿತು ಎಂದು ಅವಳು ಒಳಗೊಳಗೇ ಬೀಗಿದಳು. ಗಂಟೆ ಹೊಡೆಯಿತು, ಮಕ್ಕಳು ಆಟಕ್ಕೆ ಎದ್ದರು. ಮೇಷ್ಟ್ರು ಹಾಳೆ ಹರಿದು ಅವಳಿಗೆ ಕೊಟ್ಟು, ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಂತರು. ಅದರಲ್ಲಿ ಹೀಗಿತ್ತು:

"ಹತ್ತು ಗಂಟೆ ಹತ್ತು ನಿಮಿಷ: ಪಾಠ ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ.

ಹತ್ತೂವರೆ: ರೋಶೆಲ್‌ಗೆ ಎಲ್ಲಾ ಉತ್ತರ ಗೊತ್ತಿತ್ತು, ಒಂದು ಸಲವೂ ಕೈ ಎತ್ತಲಿಲ್ಲ. ಏಪ್ರಿಲಿಂದ ಎತ್ತಿಲ್ಲ. ತಾನು ಹೇಳಿದ್ದಕ್ಕೇ ನಾನು ಹೋಗ್ತಿರೋದು ಅಂದುಕೊಂಡಿದ್ದಾಳೆ. ನೀನು ನೋಡಲಿಲ್ಲ.

ಅವಳ ತಪ್ಪಲ್ಲ ಅಂತ ಅವಳಿಗೆ ಹೇಳು. ನಾನು ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ."

ವರದಿಯಲ್ಲಿ ಇಲೋನ ಆ ಮಗುವಿನ ಹೆಸರು ಬರೆದಿರಲಿಲ್ಲ. ಇಪ್ಪತ್ತೇಳು ಮಕ್ಕಳಲ್ಲಿ ಅದು ಯಾರೆಂದು ಅವರೇ ಕಂಡುಕೊಂಡಿದ್ದರು. ಕಿಟಕಿಯಾಚೆ ನೋಡುತ್ತಾ ಕೂತವರಿಗೆ ಕಂಡದ್ದು, ಪ್ಯಾಡ್ ಹಿಡಿದು ಕೂತವಳಿಗೆ ಕಂಡಿರಲಿಲ್ಲ.

ರೋಶೆಲ್ ಆಟಕ್ಕೆ ಹೋಗದೆ ತನ್ನ ಜಾಗದಲ್ಲೇ ಕೂತು ರಬ್ಬರಿನಿಂದ ಮೇಜು ಉಜ್ಜುತ್ತಿದ್ದಳು. ಇಲೋನ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಪುಟ್ಟ ಕುರ್ಚಿಯನ್ನು ಎಳೆದುಕೊಂಡು ಹೋಗಿ ಹುಡುಗಿಯ ಪಕ್ಕ ಕೂತಳು.