ಮಿಸ್ಸಮ್ಮ ತಿದ್ದಿದ ಸಾಕ್ಷಿ

ಆಫ್ರಿಕದ ಬಡಮಕ್ಕಳ ಸೇವೆಗೆ ನನ್ನನ್ನು ಸಿದ್ಧಗೊಳಿಸುವ ಕೆಲಸ ಒಂದು ರಬ್ಬರ್ ಬೊಂಬೆಯಿಂದ ಶುರುವಾಯಿತು. ನೀಲಿ ಕಣ್ಣು, ಕೆಂಪು ಕೆನ್ನೆ, ಎಡಗಾಲಿನಲ್ಲಿ ಒಂದು ತೂತು. ಅದಕ್ಕೆ ಸ್ನಾನ ಮಾಡಿಸಿ, ಒರೆಸಿ, ಪೌಡರ್ ಹಾಕುವುದನ್ನು ನಾನು ಮಿಸ್ಸಮ್ಮನವರ ಎದುರು ಕಲಿಯಬೇಕಿತ್ತು. ಮಿಷನ್ನಿನ ಬೋರ್ಡಿಂಗಿನಲ್ಲಿ ಬೆಳೆದ ನಾನು ಲಂಗ ಉಡುವ ಕಾಲದಿಂದಲೂ ಚಿಕ್ಕ ಹುಡುಗಿಯರ ತಲೆಗೆ ಸೀಗೆಪುಡಿ ಹಾಕಿ ಉಜ್ಜಿದವಳು. ಹಾಗೆಂದು ಹೇಳಿದೆ. ಅದು ಬೇರೆ, ಇದು ಶಾಸ್ತ್ರೀಯ ವಿಧಾನ ಎಂದರು. ಶಾಸ್ತ್ರೀಯವಾಗಿ ಸ್ನಾನ ಮಾಡಿಸಿದಾಗಲೆಲ್ಲ ಬೊಂಬೆಯ ಕಾಲಿನಿಂದ ನೀರು ಸೋರಿ ನನ್ನ ಸೀರೆ ಒದ್ದೆಯಾಗುತ್ತಿತ್ತು.

ಮದುವೆಯಾಗದ ಮಿಷನರಿ ಹೆಂಗಸರನ್ನು ಆಗ ಮೈಸೂರಿನಲ್ಲಿ ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದರು. ನಮ್ಮ ಮಿಸ್ಸಮ್ಮ ಬಹಳ ವರ್ಷಗಳಿಂದ ಇಲ್ಲಿದ್ದು ಕನ್ನಡವನ್ನು ಚೆನ್ನಾಗಿಯೇ ಕಲಿತಿದ್ದರು. ಅದನ್ನು ಕೇಳುವುದಕ್ಕೆ ಬಳಸಿದ್ದು ಕಡಿಮೆ. ಸ್ವಾತಂತ್ರ್ಯ ಬಂದ ಮೇಲೆ ಬಂಗಲೆಗಳ ಬಿಳಿಯರು ಒಬ್ಬೊಬ್ಬರಾಗಿ ತಮ್ಮ ಊರಿಗೆ ಹೊರಟಿದ್ದರು. ಉಳಿದವರಿಗೆ ಹೊಸ ಹುರುಪು ಬಂದಿತ್ತು. ಇಲ್ಲಿಯ ಹುಡುಗಿಯೊಬ್ಬಳನ್ನೇ ಮಿಷನರಿಯಾಗಿ ಕಡಲಾಚೆ ಕಳಿಸಿಬಿಟ್ಟರೆ ತಾವು ಇಷ್ಟು ಕಾಲ ಇಲ್ಲಿ ಇದ್ದದ್ದಕ್ಕೆ ರಸೀದಿ ಸಿಕ್ಕಂತೆ. ಪೂರ್ವ ಆಫ್ರಿಕದ ಒಂದು ಮಕ್ಕಳ ಮನೆಗೆ ಟೀಚರ್ ಬೇಕಾಗಿತ್ತು. ನಾನು ಆಗತಾನೇ ಬಿ.ಎ. ಮುಗಿಸಿದ್ದೆ.

ನನಗೆ ಹೋಗುವ ಆಸೆ ಬಲವಾಗಿತ್ತು. ಆಗಿನ ದಿನಚರಿಯಲ್ಲಿ ಎಲ್ಲಿ ನೋಡಿದರೂ ಹಡಗು. ದೇವರ ಕರೆ ಎಂದು ಬರೆದುಕೊಂಡಿದ್ದೇನೆ. ಅದರಲ್ಲಿ ಕರೆ ಎಷ್ಟು, ಸಮುದ್ರ ನೋಡುವ ಆಸೆ ಎಷ್ಟು ಎಂದು ಈಗ ಬೇರ್ಪಡಿಸಲು ಬರುವುದಿಲ್ಲ. ಆಗಲೂ ಬರುತ್ತಿತ್ತೋ ಇಲ್ಲವೋ.

ಪಾಠಗಳು ಹಲವಿದ್ದವು. ಮೋಸಂಬಿಗೆ ಇಂಜೆಕ್ಷನ್ ಚುಚ್ಚುವುದು, ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಬಡಮಕ್ಕಳ ಮನಸ್ಸನ್ನು ಅರಿಯುವುದು. ಈ ಕೊನೆಯದನ್ನು ಕಲಿಸಲು ಬರುತ್ತಿದ್ದವರು ಕಾಫಿಗೆ ಸಕ್ಕರೆ ಕಡಿಮೆಯಾದರೆ ಅಡುಗೆಯವನನ್ನು ಕರೆಸಿ ನಿಲ್ಲಿಸುತ್ತಿದ್ದ ಒಬ್ಬ ದೊಡ್ಡ ಮನುಷ್ಯರು. ಬಡಮಗುವಿಗೆ ಕೃತಜ್ಞತೆ ಹುಟ್ಟಿನಿಂದ ಬರುವುದಿಲ್ಲ, ಕಲಿಸಬೇಕು ಎಂದು ಅವರ ಸಿದ್ಧಾಂತ. ನಾನು ಅದನ್ನು ಬರೆದುಕೊಂಡೆ. ಬಡಮಗುವಾಗಿದ್ದ ನಾನೇ ಬರೆದುಕೊಂಡೆ.

ಎಲ್ಲಕ್ಕಿಂತ ದೊಡ್ಡ ಪಾಠ ಸಾಕ್ಷಿ. ದೇವರು ತನ್ನನ್ನು ಎಲ್ಲಿಂದ ಎತ್ತಿ ಎಲ್ಲಿಗೆ ತಂದನೆಂದು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ವಿದೇಶದ ಕಮಿಟಿಯಿಂದ ಇಬ್ಬರು ದೊರೆಗಳು ಬರುವವರಿದ್ದರು. ನನ್ನ ಸಾಕ್ಷಿ ಅವರ ಮನಸ್ಸಿಗೆ ಹಿಡಿಸಿದರೆ ಹಡಗು, ಇಲ್ಲದಿದ್ದರೆ ಇಲ್ಲ.

ನಾನು ಬರೆದು ತಂದದ್ದು ಸರಳವಾಗಿತ್ತು. ಅಪ್ಪ ಸತ್ತ ಮೇಲೆ ಅವ್ವ ಮಂಡಿ ಮೊಹಲ್ಲಾದಲ್ಲಿ ಊದುಬತ್ತಿ ಹೊಸೆದು ಜೀವನ ಮಾಡುತ್ತಿದ್ದಳು. ನನಗೆ ಐದು ವರ್ಷವಾದಾಗ ತಲೆ ಬಾಚಿ, ಕನಕಾಂಬರ ಮುಡಿಸಿ, ಕೈಹಿಡಿದು ನಡೆಸಿಕೊಂಡು ಬಂದು, ಇವಳಿಗೆ ಓದು ಕಲಿಸಿ ಎಂದು ಬೋರ್ಡಿಂಗಿನಲ್ಲಿ ಬಿಟ್ಟಳು. ಆಮೇಲೆ ಎರಡು ವಾರಕ್ಕೊಮ್ಮೆ ಶನಿವಾರ ಸೆರಗಿನಲ್ಲಿ ಕಡ್ಲೆಪುರಿ ಕಟ್ಟಿಕೊಂಡು ಬಂದು ಗೇಟಿನ ಹೊಂಗೆ ಮರದಡಿ ಕೂರುತ್ತಿದ್ದಳು. ಮಳೆ ಬಂದರೂ, ಜ್ವರವಿದ್ದರೂ.

ಮಿಸ್ಸಮ್ಮ ಓದಿ ಕೆಂಪು ಪೆನ್ಸಿಲ್ ತೆಗೆದುಕೊಂಡರು. ಇದರಲ್ಲಿ ಕತ್ತಲೆಯೇ ಇಲ್ಲ, ಕತ್ತಲೆ ಇಲ್ಲದಿದ್ದರೆ ಬೆಳಕು ಬಂದದ್ದು ಹೇಗೆ ಗೊತ್ತಾಗಬೇಕು ಎಂದರು. ಅವರು ತಿದ್ದಿಕೊಟ್ಟ ಪ್ರಕಾರ ನಾನು ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಬಾಳೆಹಣ್ಣಿನ ಸಿಪ್ಪೆ ತಿನ್ನುತ್ತ ಸಿಕ್ಕಿದವಳು. ನನ್ನನ್ನು ಅಲ್ಲಿ ಎಸೆದುಹೋದವಳು ಅಂಧಕಾರದಲ್ಲಿದ್ದ ತಾಯಿ. ಹಾಗೆ ನಡೆಯಲಿಲ್ಲವೆಂದೆ. ಐದು ವರ್ಷದ ಮಗುವಿಗೆ ಏನು ನೆನಪಿರುತ್ತದೆ ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಕಾಡಿತು. ಒಪ್ಪಿಕೊಳ್ಳಲು ಹೇಸಿಗೆಯಾಗುತ್ತದೆ, ಆದರೂ ಕಾಡಿತು. ಭಾನುವಾರ ಅವ್ವನ ಮನೆಗೆ ಹೋಗಿ ಕೇಳಿದೆ. ಕನಕಾಂಬರವೆಂದರೆ ನಕ್ಕಳು. ಹೂವಿಗೆ ದುಡ್ಡು ಯಾರತ್ರ ಇತ್ತು, ಎಣ್ಣೆ ಹಚ್ಚಿದ್ದೆ ಅಷ್ಟೇ ಎಂದಳು. ಆ ಹೂವನ್ನು ನನ್ನ ತಲೆಗೆ ನಾನೇ ಯಾವಾಗಲೋ ಮುಡಿಸಿಕೊಂಡಿದ್ದೆ. ಅವತ್ತು ಬೆಳಿಗ್ಗೆ ಏನು ಉಂಡಿದ್ದೆವು ಎಂದು ಕೇಳಿದ್ದಕ್ಕೆ ಅವಳು ಯೋಚಿಸಲೇ ಇಲ್ಲ: ಮುದ್ದೆ, ಉಪ್ಸಾರು. ಹೂವನ್ನು ತೆಗೆದು ಮುದ್ದೆಯನ್ನು ಸೇರಿಸಿದೆ.

ಸಭೆಯ ದಿನ ಅವ್ವ ಒಗೆದ ಸೀರೆ ಉಟ್ಟು ಬಂದು, ಕೊಡೆಗಳನ್ನು ಇಡುವ ಮೂಲೆಯ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತಳು. ನಾನು ಕನ್ನಡದಲ್ಲಿ ಹೇಳಬೇಕು, ಮಿಸ್ಸಮ್ಮ ಪಕ್ಕದಲ್ಲಿ ನಿಂತು ದೊರೆಗಳಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ನನಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಸಾಕ್ಷಿ ದೇಶಭಾಷೆಯಲ್ಲಿದ್ದರೆ ಶೋಭೆ. ನಾನು ತಿದ್ದಿದ್ದನ್ನು ಬಿಟ್ಟು ನನ್ನದನ್ನು ಹೇಳಿದೆ. ಬೆಳಿಗ್ಗೆ ಮುದ್ದೆ ಉಂಡೆವು, ಅವ್ವ ತಲೆಗೆ ಎಣ್ಣೆ ಹಚ್ಚಿದಳು, ನಡೆದುಕೊಂಡು ಬಂದೆವು. ಮಿಸ್ಸಮ್ಮ ನನ್ನ ಕಡೆ ತಿರುಗಿ ಕೂಡ ನೋಡದೆ, ಗದ್ಗದ ಸ್ವರದಲ್ಲಿ, ಬಾಳೆಹಣ್ಣಿನ ಸಿಪ್ಪೆಯನ್ನು ಇಂಗ್ಲಿಷಿಗೆ ತಂದರು. ನಾನು ಮುದ್ದೆ ಎಂದಾಗ ಅವರು ಹಸಿವು ಎಂದರು. ನಾನು ಎಣ್ಣೆ ಎಂದಾಗ ಹೇನು ಎಂದರು. ಮುಂದಿನ ಸಾಲಿನಲ್ಲಿ ದೊರೆಗಳು ಕರ್ಚೀಫು ತೆಗೆದರು.

ಟೀ ಕೊಡುವಾಗ ಅವ್ವ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: “ಮುದ್ದೆ ಉಂಡ್ವಿ ಅಂದ್ರೆ ಅಳಾದ್ಯಾಕವ್ವಾ ಅವ್ರು?”

ಅವಳ ಕೈಹಿಡಿದು ದೊರೆಗಳ ಮುಂದೆ ನಿಲ್ಲಿಸಿ, ಇವರು ನನ್ನ ತಾಯಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರಲ್ಲಿ ಹಿರಿಯರು ಅವ್ವನ ಎರಡೂ ಕೈಗಳನ್ನು ಹಿಡಿದುಕೊಂಡು, ದೇವರು ನಿಮ್ಮನ್ನು ಕ್ಷಮಿಸಿದ್ದಾನೆ ಎಂದರು. ಈ ಮಾತನ್ನು ಅದೇ ದಿನ ದಿನಚರಿಯಲ್ಲಿ ಬರೆದಿದ್ದೇನೆ, ಇದರಲ್ಲಿ ನೆನಪಿನ ಕೈವಾಡವಿಲ್ಲ. ಮಿಸ್ಸಮ್ಮ ತಕ್ಷಣ ಕನ್ನಡದಲ್ಲಿ, ನಿಮಗೆ ಒಳ್ಳೆಯದಾಗಲಿ ಅಂತಾರೆ ಎಂದರು. ಅವ್ವ ಸಂತೋಷದಿಂದ ಕೈಮುಗಿದಳು.

ಕ್ಷಮಿಸಲು ಏನೂ ಇಲ್ಲ, ಇವರು ನನ್ನನ್ನು ಎಸೆಯಲಿಲ್ಲ, ಓದಿಸಲು ಕರೆತಂದರು ಎಂದು ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಹಿರಿಯರು ನನ್ನ ಭುಜ ತಟ್ಟಿದರು. ಹೆತ್ತವಳ ತಪ್ಪನ್ನು ಮುಚ್ಚುವ ಎಂಥ ಹೃದಯ ನೋಡಿ, ನಮಗೆ ಬೇಕಾದ ಹುಡುಗಿ ಇವಳೇ ಎಂದು ಮಿಸ್ಸಮ್ಮನವರಿಗೆ ಹೇಳಿದರು. ನಾನು ಆಯ್ಕೆಯಾಗಿದ್ದೆ. ನಿಜ ಹೇಳಿದ್ದಕ್ಕೂ ಬಹುಮಾನ ಸಿಕ್ಕುವ ಹಾಗೆ ಸುಳ್ಳನ್ನು ಕಟ್ಟುವುದು ಸಣ್ಣ ವಿದ್ಯೆಯಲ್ಲ.

ಸಂಜೆ ಅವ್ವನ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

“ಅಂದ್ಕೊಳ್ಲಿ ಬುಡು ಮಗಾ,” ಎಂದಳು. “ಬಿಸಾಕ್ಬುಟ್ಳು ಅಂದ್ರೆ ನನ್ ಮೈ ಏನು ಸವೀತದಾ? ನೀನು ಹಡಗು ಹತ್ತು.”

ಹಲಗೆಯ ಮೇಲೆ ಇನ್ನೂ ಒಂದಷ್ಟು ಕಡ್ಡಿ ಹೊಸೆದಳು. ಆಮೇಲೆ ಕೇಳಿದಳು: “ಆ ಕತೇಲಿ ಶನಿವಾರ ಬತ್ತದಾ?”

“ಇಲ್ಲ.”

“ಪುರಿ ತಕ್ಕೊಂಡು ಬತ್ತಿದ್ನಲ್ಲ, ಅದು?”

“ಇಲ್ಲ ಕಣವ್ವ. ಕತೇಲಿ ನೀನು ಮತ್ತೆ ಬರೋದೇ ಇಲ್ಲ.”

ಅವಳ ಕೈ ನಿಂತಿತು. “ಹಂಗಾರೆ ಬ್ಯಾಡ,” ಎಂದಳು.

ಅದು ನನಗೆ ಹೇಳಿದ ಮಾತೋ, ಕತೆಗೆ ಹೇಳಿದ ಮಾತೋ, ನಾನು ಕೇಳಲಿಲ್ಲ.

ಆ ಸಾಕ್ಷಿ ಅಚ್ಚಾಗಿ, ಚಂದಾ ಎತ್ತಲು ದೊರೆಗಳ ದೇಶಕ್ಕೆ ಹೋಗುವುದಿತ್ತು. ಮರುದಿನ ಮಿಸ್ಸಮ್ಮನವರ ಬಳಿ ಒಂದೇ ಬೇಡಿಕೆ ಇಟ್ಟೆ. ಸಿಪ್ಪೆಯಾದರೂ ಇರಲಿ, ಮೆಟ್ಟಿಲಾದರೂ ಇರಲಿ, ಶನಿವಾರಗಳನ್ನು ಸೇರಿಸಿ. ಅವರು ನಿಜವಾಗಿಯೂ ನೊಂದುಕೊಂಡರು. ಎರಡು ವಾರಕ್ಕೊಮ್ಮೆ ತಿಂಡಿ ತರುವ ತಾಯಿಯಿದ್ದ ಮಗುವಿಗಾಗಿ ಆ ದೇಶದಲ್ಲಿ ಯಾರ ಮನಸ್ಸು ಕರಗುತ್ತದೆ ಎಂದು ಕೇಳಿದರು. ಆಮೇಲೆ ಮೃದುವಾಗಿ ಹೇಳಿದರು: “ನೀನು ಆಫ್ರಿಕಕ್ಕೆ ಹೋದ ಮೇಲೆ ಒಂದೊಂದು ಮಗುವಿಗೂ ಇಂಥದೊಂದು ಬರೆಯಬೇಕಾಗುತ್ತದಲ್ಲ? ನಿನ್ನದರಲ್ಲೇ ಕಲಿತುಕೋ ಅಂತ ತಿದ್ದಿಕೊಟ್ಟೆ.”

ಮಕ್ಕಳ ಮನೆಯ ಟೀಚರ್ ಕೆಲಸ ಏನೆಂದು ನನಗೆ ಮೊದಲ ಬಾರಿ ಸ್ಪಷ್ಟವಾಯಿತು. ಹೋಗುವುದಿಲ್ಲ ಎಂದೆ. ಇದು ಸೈತಾನನ ಶೋಧನೆ, ಅವನು ನಿನ್ನನ್ನು ಪರೀಕ್ಷಿಸುತ್ತಿದ್ದಾನೆ, ಪ್ರಾರ್ಥನೆ ಮಾಡು ಎಂದರು. ಮಾಡಿದೆ. ಉತ್ತರ ಬದಲಾಗಲಿಲ್ಲ. ಸಮುದ್ರವನ್ನು ನಾನು ನೋಡಿದ್ದು ಬಹಳ ವರ್ಷಗಳ ಮೇಲೆ, ಮಂಗಳೂರಿನಲ್ಲಿ, ಶಾಲೆಯ ಹುಡುಗಿಯರ ಪ್ರವಾಸದಲ್ಲಿ.

ಮುಂದಿನ ವರ್ಷ ನಮ್ಮ ಸಭೆಯ ಪಾದ್ರಿ ಅಯ್ಯನವರ ಮಗಳು ಹೊರಟಳು. ಮನೆಯಲ್ಲಿ ಅಡುಗೆಯವನು, ತೋಟದವನು, ಪಿಯಾನೊ ಇದ್ದ ಹುಡುಗಿ. ಅವಳ ಸಾಕ್ಷಿಯನ್ನು ನಾನು ಕೊಡೆಗಳ ಪಕ್ಕದ ಬೆಂಚಿನಲ್ಲಿ ಕೂತು ಕೇಳಿದೆ. ಮಿಸ್ಸಮ್ಮ ಅವಳಿಗೂ ಎಲ್ಲಿಂದಲೋ ಒಂದು ಬರಗಾಲ ಹುಡುಕಿಕೊಟ್ಟಿದ್ದರು. ಅವಳು ಚೆನ್ನಾಗಿ ಅತ್ತಳು. ಮೊದಲ ಸಾಲಿನಲ್ಲಿ ಕೂತಿದ್ದ ಅವಳ ತಾಯಿಯೂ ಕಣ್ಣು ಒರೆಸಿಕೊಂಡರು. ಹಸಿದ ಮಗಳನ್ನು ನೆನೆಸಿಕೊಂಡೋ ಏನೋ.