ಚಂದದ ಗಿಟಾರಿನಲ್ಲಿ ಕೊಂಕು ತೆಗೆದೆ

ಗೆಳೆಯರೇ, ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಜಾಣತನಕ್ಕೆ ನಾನೇ ತಲೆ ತಗ್ಗಿಸಿ ಬಂದೆ.

ಕಾಲೇಜಿನ ಕಾರ್ಯಕ್ರಮಗಳಲ್ಲಿ ಹಾಡುವ ಮಗಳಿಗೆ ಒಂದು ಗಿಟಾರ್ ಬೇಕಿತ್ತು. ಬೆಲೆ ಕೈಗೆಟಕಬೇಕು, ಸ್ಪೀಕರಿಗೆ ಹಾಕಿದರೂ ಚೆನ್ನಾಗಿ ಕೇಳಬೇಕು. ಅಂಗಡಿಯವರು ಒಂದನ್ನು ಸ್ಪೀಕರಿಗೆ ಜೋಡಿಸಿ ಕೊಟ್ಟರು. ಮಗಳು ಮೀಟಿದಳು. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು. ಅವಳ ಮುಖ ಅರಳಿತು. ನಾನು ಕಣ್ಣಲ್ಲೇ ಗದರಿದೆ. ಸಂತೆಯಲ್ಲಿ ಎಂಥ ಚಂದದ ಎತ್ತು ಕಂಡರೂ 'ಕುಂಟತೈತಿ' ಅನ್ನಬೇಕು, ಆಗಲೇ ರೇಟು ಇಳಿಯುವುದು ಎಂದು ಅಪ್ಪ ಕಲಿಸಿದ್ದರು.

"ಕೈಯಾಗ ಚಲೋ ಐತಿ. ಸ್ಪೀಕರಿಗೆ ಹಾಕಿದ್ರ ತಗಡು ಬಡಿದಂಗ ಕೇಳತೈತಲ್ರೀ," ಎಂದೆ.

ಅಂಗಡಿಯವರ ಮುಖ ಬಾಡಿತು. "ಹೌದೇನ್ರೀ? ನಾನು ಹಾರ್ಮೋನಿಯಂ, ತಬಲಾ ಮಾರಾವ, ಇದು ನನಗ ತಿಳಿಯಂಗಿಲ್ರಿ. ಹಂಗಿದ್ರ ಬ್ಯಾಡ್ರಿ, ಹುಡುಗಿ ಸ್ಟೇಜ್ ಮ್ಯಾಲೆ ನಗೆಪಾಟಲಾಗಬಾರದು. ಕಂಪನಿಗೆ ವಾಪಸ್ ಕಳಸ್ತೀನಿ," ಎನ್ನುತ್ತ ವೈರು ಕಿತ್ತು, ಗಿಟಾರನ್ನು ಡಬ್ಬಕ್ಕೆ ಹಾಕಿಯೇಬಿಟ್ಟರು. "ಖರೇ ಹೇಳಿದ್ರಿ, ಪುಣ್ಯ ಬರ್ಲಿ," ಎಂದು ಚಹಾ ಬೇರೆ ತರಿಸಿದರು.

ಸುಳ್ಳು ಹೇಳಿದೆ ಎನ್ನಲು ನಾಲಿಗೆ ಏಳಲಿಲ್ಲ. ಅವರ ಚಹಾ ಕುಡಿದು, ಬರಿಗೈಲಿ ಕೊಟ್ಟೂರು ಬಸ್ಸು ಹತ್ತಿದೆವು.

"ಅಪ್ಪಾ, ಅದು ಭಾಳ ಚಲೋ ಇತ್ತಲ್ಲ?" ಮಗಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

"ಹೂಂನವ್ವ," ಎಂದೆ.

ಸಂತೆಯಲ್ಲಿ ಎತ್ತು ಮಾರುವವರು ಅಪ್ಪನ ಮಾತನ್ನು ಒಂದು ದಿನವೂ ನಂಬುತ್ತಿರಲಿಲ್ಲ. ಅದೊಂದನ್ನು ಮಾತ್ರ ಅಪ್ಪ ನನಗೆ ಹೇಳಿರಲಿಲ್ಲ.