ಬಟ್ಟೆ ಒಣಹಾಕುವ ಹಗ್ಗದ ಮೇಲಿನ ಭೂತಗಳು

ಯೆರವಡಾದಲ್ಲಿ ನಮ್ಮ ಆಫೀಸಿನ ಗೇಟಿನ ಎದುರು ಪ್ಲಾಸ್ಟರ್ ಗೊಂಬೆ ಮಾರುವವನೊಬ್ಬ ಕೂಡುತ್ತಾನೆ. ಬುದ್ಧ, ಆನೆ, ಹಂಸದ ಜೋಡಿಗಳ ನಡುವೆ ಹೋದ ವಾರ ಹೊಸದೊಂದು ಬಂದಿತ್ತು. ಕೆಂಪು ಚೂಪು ಟೊಪ್ಪಿಗೆ, ಹೊಟ್ಟೆಯ ತನಕ ಬಿಳಿ ಗಡ್ಡ, ಕೈಯಲ್ಲಿ ಕಂದೀಲು. ಹಸಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಇದು ಯಾರಪ್ಪಾ ಎಂದು ಕೇಳಿದೆ. "ಬುಟಕಾ ಆಹೆ ತಾಈ, ಬಾಗೇತ ಠೇವಾಯಚಾ," ಅಂದ. ಕುಳ್ಳನಂತೆ, ತೋಟದಲ್ಲಿ ಇಡುವುದಂತೆ! ನನಗೆ ತಡೆಯಲಾಗಲಿಲ್ಲ. ಜರ್ಮನ್ ಕಥೆಗಳ ಕುಳ್ಳರ ಜಾತಿಯವನಾದರೆ ನೆಲದೊಳಗೆ ಕಬ್ಬಿಣ ಬಡಿಯುತ್ತ ಕೂತಿರಬೇಕು, ಇವನು ಮನೆ ಕಾಯುವವನು, ಇವನಿಗೆ ತೋಟದಲ್ಲೇನು ಕೆಲಸ ಎಂದು ಮರಾಠಿಯಲ್ಲಿ ಜಗಳಕ್ಕೇ ನಿಂತೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇಡವಾದರೆ ಬಿಡಿ ಅಂದ. ರಿಕ್ಷಾ ಹತ್ತಿದ ಮೇಲೆ ನನಗೇ ನಗು ಬಂತು. ಆ ಜಗಳ ನನ್ನದಲ್ಲ, ಕಾಕುವಿನದು...

ಇದೇ ಊರಿನ ಸದಾಶಿವ ಪೇಠದ ಹಳೆಯ ವಾಡೆಯ ವಠಾರದಲ್ಲಿ ನಾವು ಕೆಳಗೆ, ಕಾಕು ಮೇಲೆ. ಚಿಕ್ಕಮ್ಮ ಎನ್ನುವ ಹಾಗೆ ಎಲ್ಲರೂ ಅವರನ್ನು ಕಾಕು ಅನ್ನುತ್ತಿದ್ದರು. ನಮ್ಮಂತೆ ಅವರೂ ಕನ್ನಡದವರು, ಧಾರವಾಡದ ಕಡೆಯವರು. ಒಬ್ಬರೇ ಇರುತ್ತಿದ್ದರು. ಜರ್ಮನ್ ಕಲಿಸುವುದು ಅವರ ಹೊಟ್ಟೆಪಾಡು. ಜರ್ಮನರ, ಅವರಿಗಿಂತ ಬಡಗಣ ನಾಡುಗಳ ಭೂತ, ಯಕ್ಷಿಣಿ, ದೈತ್ಯರನ್ನೆಲ್ಲ ವಿಂಗಡಿಸಿ ಕನ್ನಡದಲ್ಲೊಂದು ಪುಸ್ತಕ ಬರೆಯುವುದು ಅವರ ಹುಚ್ಚು. ನಾನಾಗ ಶಿವಾಜಿನಗರದ ಕಾಲೇಜಿನಲ್ಲಿ ಓದುತ್ತಿದ್ದೆ. ಸಂಜೆ ಅವರ ಹತ್ತಿರ ಜರ್ಮನ್ ಕಲಿಯಲು ಹೋದರೆ ವ್ಯಾಕರಣ ಅರ್ಧ, ಭೂತ ಅರ್ಧ.

ಒಂದೊಂದು ಜೀವಕ್ಕೆ ಒಂದೊಂದು ಚೀಟಿ. ಮನೆಯಲ್ಲಿ ಮೇಜಿರಲಿಲ್ಲ, ಹಾಗಾಗಿ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಚೀಟಿಗಳನ್ನು ತೂಗುಬಿಡುತ್ತಿದ್ದರು. ಒಂದು ಕಡೆ ಅವರ ಸೀರೆ, ಅದರ ಪಕ್ಕಕ್ಕೆ ಎಲ್ಫ್, ಬೆಟ್ಟದ ದೈತ್ಯ ಟ್ರೋಲ್, ನೀರಿನೊಳಗಿನ ನಿಕ್ಸ್, ಎದೆಯ ಮೇಲೆ ಕೂತು ಉಸಿರು ಕಟ್ಟಿಸುವ ಮಾರಾ, ಮುಂದಿನಿಂದ ಚೆಲುವೆಯಾಗಿದ್ದು ಹಿಂದೆ ಆಕಳ ಬಾಲ ಮುಚ್ಚಿಟ್ಟುಕೊಳ್ಳುವ ಹುಲ್ದ್ರಾ. ಗಾಳಿ ಬಿಟ್ಟರೆ ದೈತ್ಯ ಹೋಗಿ ಕೆಳಗೆ ಅಂಗಳದಲ್ಲಿ ನೆರೆಯವರ ಹಪ್ಪಳದ ಮೇಲೆ ಬೀಳುತ್ತಿದ್ದ. ಹಪ್ಪಳದವರು ಬೈಯುತ್ತಿದ್ದರು, ಕಾಕು ಕ್ಷಮೆ ಕೇಳಿ ದೈತ್ಯನನ್ನು ಝಾಡಿಸಿ ಮತ್ತೆ ತೂಗುಹಾಕುತ್ತಿದ್ದರು.

ಪಂಡಿತರು ಈ ಜೀವಗಳನ್ನು ಬೆಟ್ಟದವು, ನೀರಿನವು, ಮನೆಯವು ಎಂದು ಜಾಗ ನೋಡಿ ಬೇರ್ಪಡಿಸುತ್ತಾರಂತೆ. ಕಾಕುವಿಗೆ ಅದು ಸರಿಬರುತ್ತಿರಲಿಲ್ಲ. ಹಳೆಯ ಕಥೆಗಳಲ್ಲಿ ಕಪ್ಪು ಎಲ್ಫ್‌ಗಳೂ ನೆಲದೊಳಗೇ, ಕುಳ್ಳರೂ ನೆಲದೊಳಗೇ, ಹಾಗಾದರೆ ಇಬ್ಬರೂ ಒಂದೇ ಏನು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ತಮ್ಮದೇ ಒಂದು ದಾರಿ ಹಿಡಿದರು. "ಎಲ್ಲಿ ಇರತದ ಅಂತ ಕೇಳಬ್ಯಾಡ. ನಮ್ಮ ಕಡಿಂದ ಏನ್ ಬೇಡತದ, ಅದನ್ನ ಕೇಳು," ಅನ್ನುತ್ತಿದ್ದರು. ಮನೆ ಕಾಯುವ, ಕೆಂಪು ಟೊಪ್ಪಿಗೆಯ ನಿಸ್ಸೆ ಬೆಣ್ಣೆ ಹಾಕಿದ ಗಂಜಿ ಬೇಡುತ್ತಾನೆ, ಬೆಣ್ಣೆ ಕಾಣದಿದ್ದರೆ ಹಟ್ಟಿಯ ಆಕಳನ್ನೇ ಕೊಂದುಬಿಡುತ್ತಾನೆ. ಗುಡ್ಡದವರು ಮರ್ಯಾದೆ ಬೇಡುತ್ತಾರೆ. ನೀರಿನವನಿಗೆ ಮನುಷ್ಯನೇ ಬೇಕು. ನಾನೊಮ್ಮೆ ಜಾಣತನ ತೋರಿಸಲು ಹೋಗಿ, ಇವರನ್ನೆಲ್ಲ ಯಕ್ಷ ರಾಕ್ಷಸ ಅಂತ ಬರೆದರೆ ಮುಗೀತಲ್ಲ ಅಂದೆ. "ಪಾಪ, ಅವರ ಅಂಗಿ ಅವರಿಗೆ ಇರಲಿ. ನಮ್ಮ ಅಂಗಿ ಯಾಕ ತೊಡಸ್ತಿ?" ಎಂದು ಗದರಿದರು.

ಹಗ್ಗದ ತುದಿಗೆ ಒಂದು ಚೀಟಿ ಮಾತ್ರ ಒಂಟಿಯಾಗಿ ತೂಗುತ್ತಿತ್ತು. ಅದರ ಮೇಲೆ 'ಊಟ್‌ಬುರ್ಡ್' ಎಂದು ಬರೆದಿತ್ತು. ಒಂದು ಸಂಜೆ ಅದ್ಯಾಕೆ ಒಂದೇ ಇದೆ ಎಂದು ಕೇಳಿದೆ. ಅವ್ವ ಪಾತ್ರೆ ಮರಳಿಸಲು ಬಂದವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಕಾಕುವಿನ ಮೆಂತ್ಯ ಸೋಸಿಕೊಡುತ್ತಿದ್ದಳು. ನಾರ್ವೆಯ ಕಡೆಯ ನಂಬಿಕೆ ಅದು, ಹೆಸರಿಡುವ ಮೊದಲೇ ಸತ್ತ ಕೂಸು, ಕಾಡಿನಲ್ಲಿ ಅಳುತ್ತಿರುತ್ತದೆ, ದಾರಿಹೋಕರ ಬೆನ್ನು ಹತ್ತುತ್ತದೆ ಎಂದು ಕಾಕು ಹೇಳಿದರು. ಅನ್ನ ಬೇಡ, ಮರ್ಯಾದೆ ಬೇಡ. ಅದಕ್ಕೆ ಬೇಕಾದದ್ದು ಹೆಸರೊಂದೇ.

ಅವ್ವನ ಕೈ ನಿಂತಿತು. "ಹೆಸರಿಟ್ಟ ಮ್ಯಾಲ?" ಎಂದಳು.

"ಸುಮ್ಮನಾಗತದ್ರಿ. ಮತ್ತ ಅಳಂಗಿಲ್ಲ."

ಅವ್ವ ಮಡಿಲಲ್ಲಿದ್ದ ಮೆಂತ್ಯದ ಕಡ್ಡಿಗಳನ್ನು ನೋಡುತ್ತ, "ನಂದೊಂದು ಅದರಿ," ಅಂದಳು.

ನನಗೆ ಅರ್ಥವೇ ಆಗಲಿಲ್ಲ. ನಾನು ಒಬ್ಬಳೇ ಮಗಳು ಎಂದೇ ತಿಳಿದು ಬೆಳೆದವಳು. ಅವ್ವ ಒಂದೊಂದೇ ಮಾತು ಹೆಕ್ಕಿದಂತೆ ಹೇಳಿದಳು. ನನಗಿಂತ ಮೊದಲು ಊರಲ್ಲಿ ಗಂಡುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಬರುವ ಮೊದಲೇ ಹೋಯಿತು. ಹೆಸರಿಲ್ಲದ ಕೂಸು ಲೆಕ್ಕಕ್ಕಿಲ್ಲ, ಅದರ ಸುದ್ದಿ ಎತ್ತಿದರೆ ಮುಂದಿನದೂ ಉಳಿಯುವುದಿಲ್ಲ ಎಂದು ಹಿರಿಯರು ಬಾಯಿ ಮುಚ್ಚಿಸಿದರಂತೆ. ಅಪ್ಪನೂ ಆಮೇಲೆ ಒಂದು ದಿನವೂ ಆ ಮಾತು ಆಡಲಿಲ್ಲ. "ಯಾರರ ಮಕ್ಕಳೆಷ್ಟು ಅಂದ್ರ ಒಂದು ಅಂತೀನಿ. ಹಂಗ ಅಂದಾಗೊಮ್ಮೆ ಮನಸಿನ್ಯಾಗ ಎರಡು ಅಂತ ಎಣಸ್ತೀನಿ," ಎಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಅತ್ತಳು. ಅವ್ವ ಹಾಗೆ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಅತ್ತು ಮುಗಿಸಿ, "ನೀವು ಹೆಸರಿಡ್ರಿ ಕಾಕು," ಎಂದು ಕೇಳಿಯೇಬಿಟ್ಟಳು.

ಕಾಕು ಗಾಬರಿಯಾದರು. "ಅಯ್ಯ, ನಾ ಇದನ್ನೆಲ್ಲ ನಂಬಾಕಿ ಅಲ್ಲರಿ. ನಾ ಬರೇ ವಿಂಗಡಸಾಕಿ!"

"ನೀವು ನಂಬಬ್ಯಾಡ್ರಿ. ಹೆಸರಿಟ್ರ ಸಾಕು."

ನಮ್ಮ ಕಡೆ ತೊಟ್ಟಿಲಿಗೆ ಹಾಕುವಾಗ ಮೊದಲು ಕೂಸನ್ನು ಮಲಗಿಸುವುದಿಲ್ಲ. ಮಸಾಲೆ ಅರೆಯುವ ಗುಂಡುಕಲ್ಲನ್ನು ತೊಳೆದು, ಅದಕ್ಕೆ ಕುಂಕುಮ ಹಚ್ಚಿ, ಬಟ್ಟೆ ತೊಡಿಸಿ ಮಲಗಿಸುತ್ತಾರೆ. ಗುಂಡಪ್ಪ ಅನ್ನುತ್ತಾರೆ ಅದಕ್ಕೆ. ಗುಂಡಪ್ಪನಂತೆ ಗಟ್ಟಿಯಾಗಿರಲಿ ಅಂತ. ಅವನು ಎದ್ದ ಮೇಲೆ ಕೂಸಿನ ಸರದಿ. ಆಗ ಕೂಸಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ 'ಕುರ್ರ್...' ಎಂದು ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಮರುದಿನ ಮಧ್ಯಾಹ್ನ ಕಾಕುವಿನ ಕೋಣೆಯ ತೊಲೆಗೆ ಅವ್ವ ತನ್ನ ಇಳಕಲ್ ಸೀರೆ ಕಟ್ಟಿ ಜೋಳಿಗೆ ಮಾಡಿದಳು. ಗುಂಡಪ್ಪನನ್ನು ತಂದಳು. ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿದಳು. ಕೆನ್ನೆ ಇರಬೇಕಾದಲ್ಲಿ ದೃಷ್ಟಿಬೊಟ್ಟು ಇಟ್ಟಳು. ಗುಂಡಪ್ಪ ಎದ್ದ ಮೇಲೆ ಮಲಗಿಸಲು ಕೂಸಿಲ್ಲವಲ್ಲ... ಹಾಗಾಗಿ ಅವನನ್ನು ಎಬ್ಬಿಸಲಿಲ್ಲ.

ಕಾಕು ಸೋದರತ್ತೆಯಾದರು. ಹೆಸರು ಅವ್ವ ಅವರ ಕಿವಿಯಲ್ಲಿ ಹೇಳಿದಳು. ಅವರು ಕಲ್ಲಿನ ಮೇಲೆ ಬಗ್ಗಿ ಕುರ್ರ್ ಅಂದರು. ನಾನು ಹೆದರಿ ಅವರ ಬೆನ್ನಿಗೆ ಮೆಲ್ಲಗೆ ಒಂದು ತಟ್ಟಿದೆ. "ಗಟ್ಟಿ ಗುದ್ದ! ಇದೇನು ಸತ್ತ ಮನಿ ಏನ?" ಎಂದು ಅವ್ವ ನನ್ನ ಮೇಲೇ ಹರಿಹಾಯ್ದಳು. ಗುದ್ದಿದೆ. ಕಾಕು "ಸತ್ತೆನೋ" ಎಂದು ಕೂಗಿದರು, ಮೂವರೂ ನಕ್ಕೆವು, ನಗುತ್ತಲೇ ಮೂವರ ಕಣ್ಣಲ್ಲೂ ನೀರು.

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಬಟ್ಟೆ ಅಂಗಡಿಯ ಬಾಗಿಲು ಎಳೆದು ಊಟಕ್ಕೆ ಬಂದವರು, ಕೆಳಗೆ ಯಾರೂ ಕಾಣದೆ ಹುಡುಕುತ್ತ ಮೇಲೆ ಬಂದಿದ್ದರು. ಜೋಳಿಗೆ ನೋಡಿದರು, ಕಲ್ಲು ನೋಡಿದರು, ಅವ್ವನ ಮುಖ ನೋಡಿದರು. ಅಪ್ಪನ ಸಿಟ್ಟು ವಾಡೆಗೆಲ್ಲ ಗೊತ್ತಿದ್ದದ್ದೇ.

"ಏನಂತ ಇಟ್ಟೀರಿ?" ಅಂದರು.

"ಬಸವರಾಜ," ಅಂದಳು ಅವ್ವ.

ಅಪ್ಪ ಜೋಳಿಗೆಯ ಹತ್ತಿರ ಬಂದು ಕೂತರು. "ಬಸವರಾಜ ಯಾಕ? ನಾ ಶಿವಾನಂದ ಅಂತ ಇಟ್ಟಿದ್ನಲ್ಲ."

"ಯಾವಾಗ ಇಟ್ಟಿದ್ರಿ?"

"ಅವತ್ತೇ. ಮಣ್ಣಿಗೆ ಒಯ್ಯೂ ಮುಂದ."

ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರು, ಒಬ್ಬರಿಗೊಬ್ಬರು ಹೇಳದೆ... ಆಮೇಲೆ ಜಗಳ ಶುರುವಾಯಿತು ನೋಡಿ! ಯಾರ ತಂದೆಯ ಹೆಸರು, ಯಾರ ಮನೆದೇವರು, ನನ್ನನ್ನು ಕೇಳದೆ ನೀವ್ಯಾರು ಇಡಲಿಕ್ಕೆ ಎಂದು ಅವ್ವ, ಮಗ ನಂದಲ್ಲೇನು ಎಂದು ಅಪ್ಪ. ಜೀವಂತ ಕೂಸಿನ ತಂದೆತಾಯಿ ಜಗಳಾಡಿದ ಹಾಗೆಯೇ ಜಗಳಾಡಿದರು. ಒಂದು ತೊಟ್ಟಿಲ ಹೆಸರು, ಒಂದು ಕರೆಯುವ ಹೆಸರು, ಎರಡೂ ಇರಲಿ ಬಿಡ್ರಿ ಎಂದು ಕಾಕು ರಾಜಿ ಮಾಡಿಸಿ, ಕಲ್ಲಿನ ಮೇಲೆ ಮತ್ತೊಮ್ಮೆ ಬಗ್ಗಿದರು.

ಮರುದಿನ ಆ ಚೀಟಿ ಹಗ್ಗದ ಮೇಲೆ ಇರಲಿಲ್ಲ. ಕೇಳಿದರೆ ಕಾಕು ನನ್ನ ಕ್ರಿಯಾಪದದ ತಪ್ಪು ಹಿಡಿದು ಬೈದರು.

ಅವರ ಪುಸ್ತಕ ಮುಗಿಯಲೇ ಇಲ್ಲ. ಕುಳ್ಳರೂ ಕಪ್ಪು ಎಲ್ಫ್‌ಗಳೂ ಒಂದೋ ಬೇರೆಯೋ ಎನ್ನುವುದು ಕೊನೆಯವರೆಗೂ ಬಗೆಹರಿಯಲಿಲ್ಲ. ಮೊಣಕಾಲು ಸೋತ ಮೇಲೆ ಧಾರವಾಡಕ್ಕೆ ತಮ್ಮನ ಮನೆಗೆ ಹೋದರು. ಅಪ್ಪ ತೀರಿಕೊಂಡಾಗ ಫೋನಿನಲ್ಲಿ ಬಹಳ ಹೊತ್ತು ಅತ್ತರು. ಅವರ ಹತ್ತಿರ ಕಲಿತ ಜರ್ಮನ್ನಿನಿಂದಲೇ ನಾನಿವತ್ತು ಅನ್ನ ತಿನ್ನುತ್ತಿದ್ದೇನೆ. ಗೊಂಬೆಯವನ ಜಗಳವನ್ನು ಹೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು, ಮತ್ತೆ ನನ್ನ ವಾದದಲ್ಲೂ ತಪ್ಪು ಹುಡುಕುತ್ತಿದ್ದರು. ಹೇಳಲು ಈಗ ಅವರಿಲ್ಲ. ಹೋದ ವರ್ಷ ಅವರ ತಮ್ಮನ ಫೋನು ಬಂತು.

ಸುದ್ದಿ ಕೇಳಿದ ದಿನ ಅವ್ವ ಒಲೆ ಹಚ್ಚಲಿಲ್ಲ. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಬಾಗಿಲ ಹತ್ತಿರ ಕೂತಿದ್ದಳು. ಎದುರು ಫ್ಲ್ಯಾಟಿನ ಹೆಂಗಸು, ಗುಲಬರ್ಗಾ ಕಡೆಯವಳು, ನೋಡಿ ಗಾಬರಿಯಾಗಿ ಯಾರು ಹೋದರು, ನಿಮಗೇನಾಗಬೇಕು ಎಂದು ಕೇಳಿದಳು. ಹಳೆಯ ಮನೆಯ ನೆರೆಯವರು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

ಅವ್ವ ನನಗಿಂತ ಮೊದಲೇ ಹೇಳಿದಳು. "ನನ್ನ ಹಿರೀ ಮಗನ ಸೋದರತ್ತಿ ಹೋದಳ್ರಿ."